ಕರೆಂಟು ಹೋದ ಮೇಲಿನ ಹತ್ತು ನಿಮಿಷ

ಕಾಲೇಜಿನ ಕಚೇರಿಯಲ್ಲಿ ಒಂದು ಯುಪಿಎಸ್, ಕಂಪ್ಯೂಟರ್ ಲ್ಯಾಬಿನಲ್ಲಿ ಎರಡು, ಗ್ರಂಥಾಲಯದಲ್ಲಿ ಇನ್ನೊಂದು, ಸರ್ವರ್ ಕೋಣೆಯಲ್ಲಿ ಮತ್ತೊಂದು. ಒಂದೊಂದು ವರ್ಷ ಒಂದೊಂದು ಕಂಪನಿಯಿಂದ ಕೊಂಡವು. ನಮ್ಮ ಅನೇಕ ಸಂಸ್ಥೆಗಳ ಸ್ಥಿತಿ ಇದೇ. ಕರೆಂಟು ಹೋದಾಗ ಐದೂ ಕೂಗಿಕೊಳ್ಳುತ್ತವೆ. ಹಗಲಾದರೆ ಯಾರಾದರೂ ಓಡಿಬಂದು ಕಂಪ್ಯೂಟರುಗಳನ್ನು ಆಫ್ ಮಾಡುತ್ತಾರೆ. ರಾತ್ರಿಯಾದರೆ ಕೇಳುವವರಿಲ್ಲ, ಬ್ಯಾಟರಿ ಬರಿದಾದ ಕ್ಷಣ ಸರ್ವರ್ ಕೆಲಸದ ನಡುವೆಯೇ ಸತ್ತು, ಡೇಟಾಬೇಸ್ ಕೆಡಬಹುದು.

ಯುಪಿಎಸ್ ಕೊಡುವುದು ಕೆಲವು ನಿಮಿಷಗಳ ಅವಕಾಶವನ್ನಷ್ಟೇ. ಅದನ್ನು ಬಳಸಿಕೊಳ್ಳಲು ಮನುಷ್ಯರೇ ಬೇಕಿಲ್ಲ. ಒಂದೇ ಸರ್ವರ್ ಎಲ್ಲ ಯುಪಿಎಸ್‌ಗಳನ್ನೂ ಗಮನಿಸುತ್ತ, ಯಂತ್ರಗಳನ್ನು ಕ್ರಮವಾಗಿ ಮಲಗಿಸಬಲ್ಲದು. ಇದಕ್ಕೆಂದೇ ‘ನೆಟ್‌ವರ್ಕ್ ಯುಪಿಎಸ್ ಟೂಲ್ಸ್’, ಚಿಕ್ಕದಾಗಿ ‘ನಟ್’, ಎಂಬ ಮುಕ್ತ ತಂತ್ರಾಂಶವಿದೆ. ರಸೆಲ್ ಕ್ರೋಲ್ 1990ರ ದಶಕದಲ್ಲಿ ಆರಂಭಿಸಿದ ಇದನ್ನು ಸ್ವಯಂಸೇವಕರು ಇಂದಿಗೂ ಬೆಳೆಸುತ್ತಿದ್ದಾರೆ. ಕಾಸು ಕೊಡಬೇಕಿಲ್ಲ.

ಮೂರು ಪಾತ್ರಗಳು

ನಟ್‌ನಲ್ಲಿ ಮುಖ್ಯವಾಗಿ ಮೂರು ಭಾಗಗಳು. ಮೊದಲನೆಯದು ಡ್ರೈವರ್. ಯುಪಿಎಸ್‌ನ ಹಿಂಬದಿಯ ಯುಎಸ್‌ಬಿ ಅಥವಾ ಸೀರಿಯಲ್ ಪೋರ್ಟ್ ಮೂಲಕ ಆಯಾ ಕಂಪನಿಯ ಭಾಷೆಯಲ್ಲೇ ಅದರೊಡನೆ ವ್ಯವಹರಿಸುತ್ತದೆ. ನೆಟ್‌ವರ್ಕ್ ಕಾರ್ಡ್ ಇರುವ ದೊಡ್ಡ ಯುಪಿಎಸ್‌ಗಳಿಗೆ ಎಸ್‌ಎನ್‌ಎಂಪಿ ಡ್ರೈವರ್ ಬೇರೆಯೇ ಇದೆ. ಎರಡನೆಯದು, ಈ ಮಾಹಿತಿಯನ್ನೆಲ್ಲ ಒಂದೆಡೆ ಸೇರಿಸಿ 3493ನೇ ಪೋರ್ಟ್‌ನಲ್ಲಿ ಹಂಚುವ ‘ಯುಪಿಎಸ್‌ಡಿ’. ಮೂರನೆಯದು ‘ಯುಪಿಎಸ್‌ಮಾನ್’. ಇದು ಪ್ರತಿ ಕಂಪ್ಯೂಟರಿನಲ್ಲೂ ಕುಳಿತು ತನಗೆ ವಿದ್ಯುತ್ ಕೊಡುವ ಯುಪಿಎಸ್‌ನ ಮೇಲೆ ಕಣ್ಣಿಡುತ್ತದೆ.

ಕರೆಂಟು ಹೋಗಿ, ಬ್ಯಾಟರಿಯೂ ತಳ ಮುಟ್ಟಿದೆ ಎಂದು ಯುಪಿಎಸ್ ತಿಳಿಸಿತೆನ್ನಿ. ಮುಖ್ಯ ಸರ್ವರ್ ಮೊದಲು ಅದೇ ಯುಪಿಎಸ್ ನೆಚ್ಚಿಕೊಂಡ ಉಳಿದ ಯಂತ್ರಗಳಿಗೆ ಮುಚ್ಚಿಕೊಳ್ಳಲು ಸೂಚಿಸುತ್ತದೆ. ಅವು ಕಳಚಿಕೊಳ್ಳಲೆಂದು ಸಾಮಾನ್ಯವಾಗಿ 15 ಸೆಕೆಂಡಿನವರೆಗೆ ಕಾಯುತ್ತದೆ. ದೊಡ್ಡ ಡೇಟಾಬೇಸ್ ಇರುವಲ್ಲಿ ಈ ಅವಧಿಯನ್ನು ಹಿಗ್ಗಿಸಬೇಕು. ತಾನು ಮಲಗುವುದು ಕೊನೆಗೆ. ಮಲಗುವ ಮುನ್ನ ಯುಪಿಎಸ್‌ಗೂ ಆಫ್ ಆಗಲು ಹೇಳುವಂತೆ ಹೊಂದಿಸಬಹುದು. ಈ ಕೊನೆಯ ಹೆಜ್ಜೆ ಬಹಳ ಮುಖ್ಯ. ಯಂತ್ರಗಳು ಮುಚ್ಚಿಕೊಳ್ಳುತ್ತಿರುವಾಗಲೇ ಕರೆಂಟು ಮರಳಿದರೆ, ಅವುಗಳ ಪಾಲಿಗೆ ವಿದ್ಯುತ್ ನಿಂತೇ ಇರುವುದಿಲ್ಲ. ಹಾಗಾಗಿ ತಾವಾಗಿ ಮತ್ತೆ ಏಳುವುದೂ ಇಲ್ಲ. ಯುಪಿಎಸ್ ಒಮ್ಮೆ ವಿದ್ಯುತ್ ಕಡಿದು ಮತ್ತೆ ಕೊಟ್ಟರೆ ಎಲ್ಲವೂ ಎದ್ದು ನಿಲ್ಲುತ್ತವೆ.

ಮರೆತರೆ ಕೆಡುವ ಸಂಗತಿಗಳು

ನೆಟ್‌ವರ್ಕ್ ಸ್ವಿಚ್‌ಗೂ ಯುಪಿಎಸ್ ಬೇಕು. ಅದು ಕರೆಂಟಿನೊಡನೆಯೇ ಆರಿಹೋದರೆ ಸರ್ವರಿನ ಸೂಚನೆ ಯಾರಿಗೂ ತಲುಪದು. ಒಂದೇ ಮಾದರಿಯ ಎರಡು ಯುಪಿಎಸ್‌ಗಳಿದ್ದರೆ ಸೀರಿಯಲ್ ನಂಬರ್ ಕೊಟ್ಟು ಗುರುತಿಸಿ. ಇಲ್ಲವಾದರೆ ಲ್ಯಾಬಿನ ಬ್ಯಾಟರಿ ಇಳಿದಾಗ ಗ್ರಂಥಾಲಯದ ಕಂಪ್ಯೂಟರ್ ಮಲಗೀತು. ಯುಎಸ್‌ಬಿ ಕೇಬಲ್ ಸುಮಾರು 5 ಮೀಟರಿನಾಚೆ ನೆಚ್ಚುವಂತಿಲ್ಲ. ದೂರದ ಕೋಣೆಯ ಯುಪಿಎಸ್ ಪಕ್ಕ ರಾಸ್ಪ್‌ಬೆರಿ ಪೈನಂಥ ಪುಟ್ಟ ಕಂಪ್ಯೂಟರ್ ಇಟ್ಟು, ಅದರ ವರದಿಯನ್ನು ಮುಖ್ಯ ಸರ್ವರಿಗೆ ತರಿಸಿಕೊಳ್ಳಬಹುದು. 3493ನೇ ಪೋರ್ಟ್ ಮಾತ್ರ ಇಂಟರ್ನೆಟ್ಟಿಗೆ ತೆರೆದಿರಬಾರದು.

ಬ್ಯಾಟರಿಯ ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯಬೇಕು. ಲೆಡ್-ಆಸಿಡ್ ಬ್ಯಾಟರಿಗೆ ಹಿತವಾದ ಉಷ್ಣತೆ ಸುಮಾರು 25 ಡಿಗ್ರಿ. ಅದಕ್ಕಿಂತ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕಿಟಕಿಯಿಲ್ಲದ ಕೋಣೆಯ ಬ್ಯಾಟರಿ ಎಷ್ಟು ಬೇಗ ಸೊರಗೀತು, ಊಹಿಸಿ. ಹಳೆಯ ಬ್ಯಾಟರಿ ಅರ್ಧ ತುಂಬಿದೆ ಎಂದು ತೋರಿಸುತ್ತಲೇ ತಟ್ಟನೆ ಕೈಕೊಡುತ್ತದೆ. ಆದ್ದರಿಂದ ಬ್ಯಾಟರಿ ತಾನಾಗಿ ಎಚ್ಚರಿಸಲಿ ಎಂದು ಕಾಯದೆ, ಕರೆಂಟು ಹೋಗಿ ಇಂತಿಷ್ಟು ನಿಮಿಷವಾದರೆ ಮುಚ್ಚಿಬಿಡು ಎಂದು ನಟ್‌ನ ಟೈಮರ್‌ನಲ್ಲಿ ಹೊಂದಿಸುವುದು ಕ್ಷೇಮ.

ಇಷ್ಟೆಲ್ಲ ಮಾಡಿದ ಮೇಲೂ, ಒಂದು ರಜಾದಿನ ಡೇಟಾದ ಬ್ಯಾಕಪ್ ತೆಗೆದಿಟ್ಟು ನೀವೇ ಕರೆಂಟು ತೆಗೆದು ನೋಡಬೇಕು. ಪ್ಲಗ್ ಕೀಳಬೇಡಿ, ಅರ್ಥಿಂಗ್ ತಪ್ಪುತ್ತದೆ. ಗೋಡೆಯ ಸ್ವಿಚ್ ಆಫ್ ಮಾಡಿ. ಯಾವ ಯಂತ್ರ ಯಾವಾಗ ಮಲಗಿತು, ಕರೆಂಟು ಬಂದಾಗ ಯಾವುದು ಏಳಲಿಲ್ಲ ಎಂದು ಬರೆದಿಟ್ಟುಕೊಳ್ಳಿ. ವಿದ್ಯಾರ್ಥಿಗಳ ಅಂಕಪಟ್ಟಿ, ರೋಗಿಗಳ ದಾಖಲೆ, ಸಹಕಾರ ಸಂಘದ ಲೆಕ್ಕ ಇಂಥ ಸರ್ವರುಗಳಲ್ಲೇ ಇವೆ. ಅವುಗಳನ್ನು ಉಳಿಸಲು ಹೊಸ ಬ್ಯಾಟರಿ ಕೊಳ್ಳುವುದಷ್ಟೇ ಸಾಲದು. ಈ ಪರೀಕ್ಷೆಗೆ ವರ್ಷಕ್ಕೆ ಎರಡು ಬಾರಿಯಾದರೂ ಅರ್ಧ ದಿನ ಮೀಸಲಿಡಬೇಕು.