ನೇಪಲ್ಸ್‌ನ ಹೆಸರು ಹೊತ್ತ ಕೊಳವೆ ಹುಳು

ಓಂ ಬೀಚ್‌ಗೆ ಬಂದವರು ಗುಡ್ಡದ ಮೇಲೆ ನಿಂತು ಎರಡು ಅರ್ಧಚಂದ್ರಗಳ ಫೋಟೊ ತೆಗೆದು, ಕೆಳಗಿಳಿದು, ನೀರಿನಲ್ಲಿ ಆಡಿ ಹೋಗುತ್ತಾರೆ. ಇಳಿತದ ಹೊತ್ತಿನಲ್ಲಿ ಬಂಡೆಗಳ ಮರೆಯ ಒದ್ದೆ ಮರಳಿನ ಮೇಲೆ ಕಣ್ಣು ಹಾಯಿಸುವವರು ಕಡಿಮೆ. ಕುಮಟಾ ತಾಲೂಕಿನ ಈ ದಂಡೆಯಿಂದ ತದಡಿಯ ಬಳಿ ಅಘನಾಶಿನಿ ಸಮುದ್ರ ಸೇರುವ ಅಳಿವೆಯವರೆಗೆ, ಅಲೆಯ ಹೊಡೆತ ತಗ್ಗಿ ಮರಳಿಗೆ ಕೆಸರು ಬೆರೆತ ಜಾಗಗಳಲ್ಲಿ ಹುಡುಕಬೇಕಾದದ್ದು ಒಂದು ಕೊಳವೆಯ ಬಾಯಿ. ಮರಳಿನಿಂದ ಎರಡು ಮೂರು ಅಂಗುಲ ಮೇಲೆದ್ದು ತುದಿಯಲ್ಲಿ ಬಾಗಿರುತ್ತದೆ. ಮೈಗೆಲ್ಲ ಬಳಚಿನ ಚಿಪ್ಪಿನ ಚೂರು, ಗಾಳಿಮರದ ಕಡ್ಡಿ, ಪಾಚಿಯ ಎಳೆ ಅಂಟಿಕೊಂಡಿರುತ್ತವೆ. ಕಸ ತಾನಾಗಿ ಸೇರಿಕೊಂಡಿದೆ ಎಂದು ಯಾರಿಗಾದರೂ ಅನಿಸಬಹುದು. ಆದರೆ ಒಂದೊಂದು ಚೂರನ್ನೂ ಒಳಗಿರುವ ಹುಳು ಮುಟ್ಟಿ ನೋಡಿ, ದವಡೆಯಲ್ಲಿ ಹಿಡಿದು, ತನ್ನ ಲೋಳೆಯಿಂದ ಅಂಟಿಸಿದೆ.

ಈ ಹುಳುವಿನ ಕುಲದ ಹೆಸರು ಡಯೋಪಾಟ್ರಾ. ಕಡಲಿನ ಬಿರುಗೂದಲ ಹುಳುಗಳ, ಅಂದರೆ ಪಾಲಿಕೀಟ್‌ಗಳ ಗುಂಪಿಗೆ ಸೇರಿದ್ದು. ಮರಳಿನ ಮೇಲೆ ಕಾಣುವುದು ಮನೆಯ ಬಾಗಿಲು ಮಾತ್ರ. ಕೊಳವೆ ಕೆಳಗೆ ಅಡಿಗಟ್ಟಲೆ ಇಳಿದಿರುತ್ತದೆ. ಹೆಜ್ಜೆಯ ಸದ್ದಿಗೇ ಹುಳು ತಳಕ್ಕೆ ಜಾರುವುದರಿಂದ ಕೊಳವೆಯನ್ನು ಎಳೆದರೆ ಬರುವುದು ಬರೀ ಕೊಳವೆ.

ತಾಳ್ಮೆಯಿಂದ ಅಗೆದು, ಹುಳುವನ್ನು ಇಡಿಯಾಗಿ ಹೊರತೆಗೆದು, ಬಿಳಿ ತಟ್ಟೆಯ ಉಪ್ಪುನೀರಿನಲ್ಲಿ ಬಿಟ್ಟರೆ ಅದರ ಚೆಲುವು ಕಾಣುತ್ತದೆ. ಅಡಿಯುದ್ದ ಬೆಳೆಯಬಲ್ಲ ದೇಹದಲ್ಲಿ ಇನ್ನೂರಕ್ಕೂ ಹೆಚ್ಚು ಉಂಗುರಗಳು. ಬೆಳಕು ಬಿದ್ದಾಗ ಚರ್ಮದಲ್ಲಿ ಕಾಮನಬಿಲ್ಲಿನ ಬಣ್ಣ ಹೊರಳುತ್ತದೆ. ಅದು ಬಣ್ಣದ ಪದಾರ್ಥದಿಂದ ಬಂದದ್ದಲ್ಲ; ಹೊರಪೊರೆಯಲ್ಲಿ ಒತ್ತಾಗಿ ಜೋಡಿಸಿದ ಕೊಲಾಜೆನ್ ಎಳೆಗಳು ಬೆಳಕನ್ನು ಸೀಳುವುದರಿಂದ ಹುಟ್ಟಿದ್ದು. ತಲೆಯಲ್ಲಿ ಐದು ಉದ್ದನೆಯ ಮೀಸೆಗಳು, ಒಂದೊಂದರ ಬುಡದಲ್ಲೂ ಬಳೆ ತೊಡಿಸಿದಂಥ ಗೆರೆಗಳು. ನಾಲ್ಕನೆಯದೋ ಐದನೆಯದೋ ಉಂಗುರದಿಂದ ಕಿವಿರುಗಳು ಶುರು. ನಡುವೆ ಒಂದು ದಂಟು, ಅದರ ಸುತ್ತ ಸುರುಳಿಯಾಗಿ ಎದ್ದ ರಕ್ತಗೆಂಪು ಎಳೆಗಳು. ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ. ಈ ಕೆಂಪು ನಮ್ಮ ರಕ್ತದ ಕೆಂಪೇ. ಆದರೆ ಇಲ್ಲಿ ಹಿಮೋಗ್ಲೋಬಿನ್ ರಕ್ತಕಣಗಳೊಳಗೆ ಕೂತಿರುವುದಿಲ್ಲ, ದೊಡ್ಡ ದೊಡ್ಡ ಅಣುಗಳಾಗಿ ರಕ್ತದ ದ್ರವದಲ್ಲೇ ಕರಗಿರುತ್ತದೆ. ಹುಳು ಮೈಯನ್ನು ಅಲೆಯಾಡಿಸಿ ಕೊಳವೆಯೊಳಗೆ ನೀರು ಹರಿಸುತ್ತದೆ, ಆ ನೀರಿನಿಂದ ಕಿವಿರುಗಳು ಆಮ್ಲಜನಕ ಹೀರುತ್ತವೆ.

ಪ್ರತಿ ಉಂಗುರದ ಇಕ್ಕೆಲದಲ್ಲೂ ಮಾಂಸದ ಚಿಕ್ಕ ಪಾದ, ಪಾದದಲ್ಲಿ ಬಿರುಗೂದಲ ಕಟ್ಟು. ಹುಳುವಿನ ಇಡೀ ದೇಹದಲ್ಲಿ ನನಗೆ ಅತಿ ದೊಡ್ಡ ಬೆರಗು ಅನಿಸುವುದು ಈ ಕೂದಲೇ. ಒಂದು ಕೂದಲನ್ನು ರೂಪಿಸುವುದು ಒಂದೇ ಒಂದು ಜೀವಕೋಶ. ಚರ್ಮದ ಚಿಕ್ಕ ಕುಳಿಯ ತಳದಲ್ಲಿ ಕೂತ ಆ ಕೋಶದಿಂದ ಅತಿ ಸೂಕ್ಷ್ಮ ಎಳೆಗಳು ಮೇಲೆದ್ದಿರುತ್ತವೆ. ಅವುಗಳ ಸುತ್ತ ಕೈಟಿನ್ ಗಟ್ಟಿಯಾಗುತ್ತ ಹೋಗಿ ಕೂದಲು ಬೆಳೆಯುತ್ತದೆ. ಎಳೆಗಳು ಹಿಂದೆ ಸರಿದಲ್ಲಿ ಕೂದಲೊಳಗೆ ಸಣ್ಣ ಸಣ್ಣ ನಾಳಗಳು ಉಳಿಯುತ್ತವೆ. ಆ ಎಳೆಗಳು ಎಲ್ಲಿ ಒತ್ತಾಗುತ್ತವೆ, ಎಲ್ಲಿ ಬಾಗುತ್ತವೆ ಎಂಬುದರ ಮೇಲೆ ಕೂದಲಿನ ಆಕಾರ ನಿರ್ಧಾರವಾಗುತ್ತದೆ. ಮುಂದಿನ ಉಂಗುರಗಳಲ್ಲಿ ತುದಿಗೆ ಎರಡು ಹಲ್ಲು, ಮೇಲೆ ತೆಳ್ಳನೆಯ ಮುಸುಕು ಇರುವ ಕೊಕ್ಕೆಗಳು. ಅವುಗಳ ಹಿಂದೆ ಬಾಚಣಿಗೆಯಂಥ ಕೂದಲು. ಇನ್ನೂ ಹಿಂದಕ್ಕೆ ಕೊಳವೆಯ ಗೋಡೆಯನ್ನು ಕಚ್ಚಿ ಹಿಡಿಯುವ ದಪ್ಪ ಕೊಕ್ಕೆಗಳು. ಗೂಡಿನಿಂದ ಹುಳುವನ್ನು ಎಳೆಯಲು ಬರುವ ಹಕ್ಕಿಗಾಗಲಿ ಮೀನಿಗಾಗಲಿ ಕೆಲಸ ಸುಲಭವಾಗದಂತೆ ಮಾಡುವುದು ಇವೇ.

ಬಾಯೊಳಗೆ ಎರಡು ಕೆಳದವಡೆ, ಅವುಗಳ ಮೇಲೆ ಹಲ್ಲುಗಳಿರುವ ಹಲವು ಜೋಡಿ ಕಪ್ಪು ತಟ್ಟೆಗಳು. ಎಡಗಡೆ ಒಂದು ತಟ್ಟೆ ಹೆಚ್ಚಿಗೆ, ಬಲಗಡೆ ಅದಕ್ಕೆ ಜೋಡಿಯಿಲ್ಲ. ಈ ಬಳಗದ ದವಡೆಗಳು ನಲವತ್ತೈದು ಕೋಟಿ ವರ್ಷ ಹಳೆಯ ಶಿಲೆಗಳಲ್ಲೂ ಸಿಕ್ಕಿವೆ. ಮೆತ್ತನೆಯ ಮೈ ಕೊಳೆತು ಹೋದರೂ ಹಲ್ಲು ಉಳಿದಿದೆ.

ಇನ್ನು ವರ್ಗೀಕರಣ. ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ಕಡಲ ಹುಳುಗಳನ್ನು ಅಲೆಯುವವು, ನೆಲೆ ನಿಂತವು ಎಂದು ಎರಡು ಪಾಲು ಮಾಡಿದರು: ಎರಾಂಶಿಯಾ ಮತ್ತು ಸೆಡೆಂಟೇರಿಯಾ. ಬದುಕೆಲ್ಲ ಒಂದೇ ಕೊಳವೆಯಲ್ಲಿ ಕಳೆಯುವ ಡಯೋಪಾಟ್ರಾವನ್ನು ಆಗಲೂ ಅಲೆಯುವವುಗಳ ಜೊತೆಗೇ ಇಟ್ಟಿದ್ದರು. ಅದರ ದವಡೆ, ಮೀಸೆ, ಚೆನ್ನಾಗಿ ಬೆಳೆದ ಪಾದ ಎಲ್ಲವೂ ಆ ಕಡೆಗೇ ಬೊಟ್ಟು ಮಾಡುತ್ತಿದ್ದವು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ವಿಂಗಡಣೆ ಬರಿಯ ಅನುಕೂಲದ್ದು ಎಂದು ಪಕ್ಕಕ್ಕೆ ಸರಿಸಿದರು. 2011ರಲ್ಲಿ ಟಾರ್ಸ್ಟನ್ ಸ್ಟ್ರುಕ್ ಮತ್ತು ಸಂಗಡಿಗರು ನೂರಾರು ಜೀನ್‌ಗಳನ್ನು ಹೋಲಿಸಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ವಂಶವೃಕ್ಷದಲ್ಲಿ ಅವೇ ಎರಡು ಕೊಂಬೆಗಳು ಮತ್ತೆ ಮೂಡಿದವು. ನಮ್ಮ ತೋಟದ ಎರೆಹುಳು, ಮಲೆನಾಡಿನ ಉಂಬಳ ಎರಡೂ ಸೆಡೆಂಟೇರಿಯಾದ ಕೊಂಬೆಯೊಳಗೇ ಬಂದವು. ಅಂದರೆ ಪಾಲಿಕೀಟ್ ಎಂದು ಶಾಲೆಯಲ್ಲಿ ಕಲಿತ ಪ್ರತ್ಯೇಕ ವರ್ಗಕ್ಕೆ ಈಗ ಗಡಿಯೇ ಉಳಿದಿಲ್ಲ. ಎಲ್ಲಿ ಬದುಕುತ್ತದೆ, ಹೇಗೆ ಬದುಕುತ್ತದೆ ಎನ್ನುವುದಕ್ಕಿಂತ ಯಾವ ಅಂಗವನ್ನು ಯಾರಿಂದ ಪಡೆದಿದೆ ಎನ್ನುವುದೇ ಇಲ್ಲಿ ಮುಖ್ಯ.

ಇದೇ ಮಾತು ಪ್ರಭೇದದ ಹೆಸರಿಗೂ ಸಲ್ಲುತ್ತದೆ. ಭಾರತದ ಕರಾವಳಿಯ ಪಟ್ಟಿಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ಡಯೋಪಾಟ್ರಾ ನಿಯಾಪಾಲಿಟಾನಾ. 1841ರಲ್ಲಿ ಇಟಲಿಯ ನೇಪಲ್ಸ್‌ನ ಹುಳುವಿಗೆ ಡೆಲ್ಲೆ ಕಿಯಾಯೆ ಇಟ್ಟ ಹೆಸರದು. ಫ್ರಾನ್ಸಿನ ಪಿಯರ್ ಫೋವೆಲ್ ಬರೆದು 1953ರಲ್ಲಿ ಅಲಹಾಬಾದಿನಲ್ಲಿ ಅಚ್ಚಾದ ಭಾರತದ ಪಾಲಿಕೀಟ್‌ಗಳ ಸಂಪುಟವೇ ದಶಕಗಳ ಕಾಲ ನಮ್ಮ ವಿದ್ಯಾರ್ಥಿಗಳಿಗೆ ಕೈಪಿಡಿ. ಯುರೋಪಿನ ಹುಳುಗಳ ಹೆಸರು ಜಗತ್ತಿಗೆಲ್ಲ ಹೊಂದುತ್ತದೆ ಎಂಬ ನಂಬಿಕೆಯ ಕಾಲವದು. ಆದರೆ ಯುರೋಪಿನಲ್ಲೇ ಆ ಹೆಸರು ಒಡೆದಿದೆ. ಪೋರ್ಚುಗಲ್ ತೀರದಿಂದ 2010ರಲ್ಲಿ ಡಯೋಪಾಟ್ರಾ ಮೈಕ್ರೂರಾ ಬೇರೆಯಾಯಿತು. ಬಿಸ್ಕೇ ಕೊಲ್ಲಿಯಲ್ಲಿ ನಿಯಾಪಾಲಿಟಾನಾ ಎಂದೇ ತಿಳಿದಿದ್ದ ಹುಳು 2012ರಲ್ಲಿ ಬಿಸ್ಕಯೆನ್ಸಿಸ್ ಎಂಬ ಹೊಸ ಪ್ರಭೇದವಾಯಿತು. ಪಕ್ಕದ ಕೊಲ್ಲಿಗೇ ಹೊಂದದ ಹೆಸರನ್ನು ಅರಬ್ಬೀ ಸಮುದ್ರದ ಹುಳುವಿಗೆ ಪರೀಕ್ಷೆಯಿಲ್ಲದೆ ಹಚ್ಚುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇತ್ತ ಒಡಿಶಾದ ಚಿಲಿಕಾದ ಹುಳುವಿಗೆ 1921ರಲ್ಲೇ ರೋಲೆಂಡ್ ಸದರ್ನ್ ವೇರಿಯಾಬಿಲಿಸ್ ಎಂಬ ಬೇರೆ ಹೆಸರು ಕೊಟ್ಟಿದ್ದರು.

ಹೆಸರಿನ ಈ ಗೊಂದಲದ ಪರಿಣಾಮ ಅಘನಾಶಿನಿಯಲ್ಲಿ ಸಿಗಡಿ ಬೆಳೆಯುವ ಗಜನಿ ಗದ್ದೆಗಳವರೆಗೂ ಬರುತ್ತದೆ. ಸಿಗಡಿ ಹ್ಯಾಚರಿಗಳಲ್ಲಿ ತಾಯಿ ಸಿಗಡಿಗೆ ಮೊಟ್ಟೆ ಕಟ್ಟಲೆಂದು ಕಡಲ ಹುಳುಗಳನ್ನು ತಿನ್ನಿಸುತ್ತಾರೆ. ಹೊರಗಿನಿಂದ ಹಿಡಿದು ತಂದ ಹುಳುಗಳ ಮೂಲಕ ಬಿಳಿಚುಕ್ಕೆ ರೋಗದ ವೈರಸ್ ಸಿಗಡಿಗೆ ದಾಟಬಲ್ಲದು ಎಂದು ನಮ್ಮ ದೇಶದಲ್ಲೇ ನಡೆದ ಅಧ್ಯಯನ ತೋರಿಸಿದೆ. ಯಾವ ಹುಳು, ಯಾವ ದಂಡೆಯದು ಎಂದು ತಿಳಿಯದಿದ್ದರೆ ರೋಗದ ಜಾಡು ಹಿಡಿಯುವುದೂ ಇಲ್ಲ, ದಂಡೆಯಲ್ಲಿ ಹುಳು ಬರಿದಾಗುವುದು ಕಣ್ಣಿಗೆ ಬೀಳುವುದೂ ಇಲ್ಲ.

ಹುಳುವಿನ ಗುರುತು ಹಚ್ಚುವ ಕೆಲಸ ಇಲ್ಲಿಯೇ ಆಗಬಲ್ಲದು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗವಿದೆ. ಮೀಸೆಯ ಬುಡದ ಬಳೆಗಳು, ಕಿವಿರು ಶುರುವಾಗುವ ಉಂಗುರ, ಬಾಚಣಿಗೆ ಕೂದಲಿನ ಹಲ್ಲುಗಳು, ಇವನ್ನು ಎಣಿಸಲು ಸೂಕ್ಷ್ಮದರ್ಶಕ ಸಾಕು. ಇಂಥ ಎಣಿಕೆಗೆ ಕೆಲವು ಹುಳುಗಳನ್ನು ಇಡಿಯಾಗಿ ಫಾರ್ಮಲಿನ್‌ನಲ್ಲಿ ಇಡಲೇಬೇಕು. ಆದರೆ ಫಾರ್ಮಲಿನ್ ಡಿಎನ್ಎಯನ್ನು ಕೆಡಿಸುತ್ತದೆ. ಡಿಎನ್ಎ ಪರೀಕ್ಷೆಗೆ ಬೇಕಾದ ತುಣುಕನ್ನು ಮೊದಲೇ ಕತ್ತರಿಸಿ ಆಲ್ಕೊಹಾಲ್‌ಗೆ ಹಾಕಬೇಕು. ಉಳಿದ ಹುಳುಗಳಿಂದ ಬಾಲದ ತುದಿಯ ಚೂರೊಂದನ್ನು ತೆಗೆದುಕೊಂಡು ಮರಳಿಗೆ ಬಿಟ್ಟರಾಯಿತು, ಕಳೆದ ಉಂಗುರಗಳನ್ನು ಅವು ಮತ್ತೆ ಬೆಳೆಸಿಕೊಳ್ಳುತ್ತವೆ.