ಬಸುರಿಯ ಕಣ್ಣುಮಂಜು: ಜನಪದ ನುಡಿ ಮತ್ತು ರಕ್ತದೊತ್ತಡ

ಕನ್ನಡದ ‘ದೃಷ್ಟಿ’ ಎಂಬ ಪದಕ್ಕೆ ನೋಟವೆಂಬ ಅರ್ಥವೂ, ಕೆಟ್ಟ ಕಣ್ಣು ತಾಗುವುದೆಂಬ ಅರ್ಥವೂ ಉಂಟು. ಬಸುರಿಯ ವಿಷಯದಲ್ಲಿ ಇವೆರಡೂ ಹಲವು ವೇಳೆ ಬೆರೆತುಹೋಗುತ್ತವೆ. ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಮೂಗೂರು ತ್ರಿಪುರಸುಂದರಿ ಅಮ್ಮನವರ ಕ್ಷೇತ್ರ. ಈ ಸೀಮೆಯೂ ಸೇರಿದಂತೆ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಬಸುರಿಗೆ ದೃಷ್ಟಿಯಾಯಿತೆಂದರೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು, ದೇವರಿಗೆ ಹರಕೆ ಹೊರುವುದು ರೂಢಿ. ಈ ಆಚರಣೆಗಳು ಬಸುರಿಗೆ ಧೈರ್ಯ ತುಂಬುತ್ತವೆ. ಆದರೆ ನೋಟವೇ ಕೆಟ್ಟಾಗಲೂ ಅದನ್ನು ಕಣ್ಣೆಸರೆಂದೇ ಬಗೆದು ಕಾಯುವುದು ಪ್ರಾಣಕ್ಕೆ ಎರವಾಗಬಹುದು.

ಜನರ ಆಡುಮಾತು ಕಣ್ಣಿನ ತೊಂದರೆಗಳನ್ನು ಸೂಕ್ಷ್ಮವಾಗಿ ವಿಂಗಡಿಸುತ್ತದೆ. ಮುಸ್ಸಂಜೆಯ ಮೇಲೆ ಕಾಣದಿರುವುದು ‘ಇರುಳುಗಣ್ಣು’. ಇದಕ್ಕೆ ಸಾಮಾನ್ಯವಾಗಿ ‘ಎ’ ಜೀವಸತ್ವದ ಕೊರತೆ ಕಾರಣ. ಥಟ್ಟನೆ ಎದ್ದು ನಿಂತಾಗ ‘ಕಣ್ಣು ಕತ್ತಲೆಗಟ್ಟುವುದು’ ಬಹುಮಟ್ಟಿಗೆ ರಕ್ತಹೀನತೆ ಅಥವಾ ರಕ್ತದೊತ್ತಡದ ಇಳಿತದಿಂದ. ಕುಳಿತಲ್ಲಿಯೇ ‘ಮಂಜು ಕವಿಯುವುದು’, ಕಣ್ಣ ಮುಂದೆ ‘ಮಿಂಚು ಹೊಡೆಯುವುದು’, ಒಂದು ಎರಡಾಗಿ ಕಾಣುವುದು ಇವೆರಡಕ್ಕಿಂತ ಭಿನ್ನವಾದವು. ಗರ್ಭಧಾರಣೆಯ 20 ವಾರಗಳ ನಂತರ ಇವು ತಲೆನೋವು, ಮುಖದ ಊತಗಳೊಡನೆ ಕಂಡುಬಂದರೆ ಏರಿದ ರಕ್ತದೊತ್ತಡವನ್ನು ಶಂಕಿಸಲೇಬೇಕು. ಹೆರಿಗೆಯ ನಂತರದ ಕೆಲವು ವಾರಗಳಿಗೂ ಈ ಮಾತು ಅನ್ವಯಿಸುತ್ತದೆ.

ರಕ್ತದೊತ್ತಡ 140/90 ಅಥವಾ ಅದಕ್ಕೂ ಮೇಲೇರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುವ ಅಥವಾ ಇತರ ಅಂಗಗಳು ಬಾಧಿತವಾಗುವ ಸ್ಥಿತಿಯೇ ಪ್ರೀ-ಎಕ್ಲಾಂಪ್ಸಿಯ. ಇದರಲ್ಲಿ ಅಕ್ಷಿಪಟಲದ ಕಿರುಧಮನಿಗಳು ಸೆಟೆದುಕೊಳ್ಳುತ್ತವೆ. ಕೆಲವರಲ್ಲಿ ಪಟಲದಡಿ ನೀರು ತುಂಬುತ್ತದೆ. ಮಿದುಳಿನ ಹಿಂಭಾಗ ಊದಿಕೊಂಡರೆ ಕಣ್ಣು ಸರಿಯಿದ್ದರೂ ನೋಟ ಮಾಯವಾಗುತ್ತದೆ. ಸಕಾಲದಲ್ಲಿ ಚಿಕಿತ್ಸೆಯಾಗಿ ಹೆರಿಗೆಯಾದರೆ ಬಹುತೇಕರಿಗೆ ಕೆಲವು ದಿನ ಅಥವಾ ವಾರಗಳಲ್ಲಿ ನೋಟ ಮರಳುತ್ತದೆ. ಅಲಕ್ಷಿಸಿದರೆ ಮುಂದಿನ ಹಂತ ಸೆಳವು, ಅಂದರೆ ಎಕ್ಲಾಂಪ್ಸಿಯ. ಈ ಗ್ರೀಕ್ ಮೂಲದ ಪದಕ್ಕೆ ಹಠಾತ್ತನೆ ಮಿಂಚುವುದೆಂಬ ಅರ್ಥವಿದೆಯೆಂಬುದು ಗಮನಾರ್ಹ. ಇಂತಹ ಸೆಳವನ್ನು ಗಾಳಿಸೋಂಕೆಂದೋ ಸನ್ನಿಯೆಂದೋ ಭಾವಿಸುವಲ್ಲಿ ಅಮೂಲ್ಯ ಗಳಿಗೆಗಳು ಕಳೆದುಹೋಗುತ್ತವೆ. 33 ದೇಶಗಳ ಸುಮಾರು 10,000 ಸ್ತ್ರೀಯರನ್ನೊಳಗೊಂಡು 2002ರಲ್ಲಿ ಪ್ರಕಟವಾದ ‘ಮ್ಯಾಗ್‌ಪೈ’ ಅಧ್ಯಯನವು, ಮೆಗ್ನೀಸಿಯಂ ಸಲ್ಫೇಟ್ ಸೆಳವಿನ ಅಪಾಯವನ್ನು ಅರ್ಧಕ್ಕಿಂತಲೂ ಹೆಚ್ಚು ತಗ್ಗಿಸುವುದೆಂದು ತೋರಿಸಿತು.

ಸೂಲಗಿತ್ತಿಯರ ಕೈಗೆ ಮಗುವಿನ ಇರುವು, ನೋವಿನ ಗತಿ ತಿಳಿಯುತ್ತಿದ್ದವು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ದೊರೆತ ಪದ್ಮಶ್ರೀ ಆ ಜ್ಞಾನಕ್ಕೆ ಸಂದ ಗೌರವ. ಆದರೆ ರಕ್ತದೊತ್ತಡ ಎಂಥ ಅನುಭವಿಯ ಕೈಗೂ ಸಿಗುವುದಲ್ಲ. ಅದಕ್ಕೆ ಮಾಪಕವೇ ಬೇಕು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಆದರೆ ಮಂಜು ಕವಿದ ಕಣ್ಣಿಗೆ 9ನೆಯ ತಾರೀಖಿನವರೆಗೆ ಕಾಯಲಾಗದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಆದುದರಿಂದ ಬಸುರಿ ಆಡುವ ಪದವನ್ನು ಆಡಿದಂತೆಯೇ ಕೇಳಿಸಿಕೊಳ್ಳುವುದು ಅತ್ತೆಯ, ತವರಿನವರ, ಆಶಾ ಕಾರ್ಯಕರ್ತೆಯ ಮೊದಲ ಹೊಣೆ. ‘ಇರುಳುಗಣ್ಣೋ, ಕತ್ತಲೆಯೋ, ಮಂಜೋ’ ಎಂಬ ಪ್ರಶ್ನೆ ಜನರ ನುಡಿಯಲ್ಲಿ ಸಿದ್ಧವಾಗಿಯೇ ಇದೆ. ಅದನ್ನು ಸಂಗ್ರಹಿಸಿ ಆರೋಗ್ಯ ಕಾರ್ಯಕರ್ತರ ತರಬೇತಿಗೆ ಒದಗಿಸುವುದು ಜಾನಪದ ಅಧ್ಯಯನ ಕೈಗೊಳ್ಳಬೇಕಾದ ಕಾರ್ಯ. ನಿವಾಳಿಸುವ ಕೈಯೇ ಆಸ್ಪತ್ರೆಗೂ ಕರೆದೊಯ್ದರೆ ನಂಬಿಕೆಗೂ ಚಿಕಿತ್ಸೆಗೂ ವಿರೋಧವಿರದು.