ಮಾಕಳಿಯೋ, ಮಕಂದಿಯೋ?

ಕಳೆದ ನವೆಂಬರ್‌ನಲ್ಲಿ ಆಫೀಸಿನ ಗೆಳತಿಯರ ಜೊತೆ ಶಿವಗಂಗೆ ಬೆಟ್ಟಕ್ಕೆ ಹೋಗಿದ್ದೆ. ಅರ್ಧ ಹತ್ತಿ ಸುಸ್ತಾಗಿ ಕೂತಾಗ, ಬಂಡೆಯ ಸೀಳಿನಲ್ಲಿ ನೇರಳೆ-ನೀಲಿ ಹೂಗಳ ತೆನೆ ಕಂಡಿತು. ಹಿಡಿ ಮಣ್ಣೂ ಇಲ್ಲದ ಜಾಗ! ಫೋಟೊ ತೆಗೆದು ಆ್ಯಪ್‌ಗೆ ಹಾಕಿದರೆ, ಕುಂಡದಲ್ಲಿ ಬೆಳೆಸುವ ಬಣ್ಣದೆಲೆಯ ಕೋಲಿಯಸ್ ತೋರಿಸಿತು. ಪಕ್ಕದಲ್ಲಿ ಮಜ್ಜಿಗೆ ಮಾರುತ್ತಿದ್ದ ಅಜ್ಜಿ ನಕ್ಕರು: "ಅದು ಮಕಂದಿ ಬೇರು ಕಣಮ್ಮ."

ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ಕೇಳಿಸಿದ್ದು 'ಮಾಕಳಿ ಬೇರು'! "ಎರಡು ಬೇರು ಕಿತ್ಕೊಂಡು ಬಾರೇ, ಉಪ್ಪಿನಕಾಯಿ ಹಾಕ್ತೀನಿ." ನಾನು ಬುಡಕ್ಕೆ ಕೈ ಹಾಕಿಯೂ ಆಗಿತ್ತು. ಅಜ್ಜಿ ತಡೆದರು: "ಮಾಕಳಿ ಅಂದ್ರೆ ಬಳ್ಳಿ. ಇದು ಗಿಡ. ಒಂದು ಎಲೆ ಮುರಿದು ನೋಡು, ಹಾಲು ಬರುತ್ತಾ?"

ಬರಲಿಲ್ಲ.

ಮನೆಗೆ ಬಂದು ಓದಿದಾಗ ಗೊತ್ತಾಯಿತು, ಇದು ಕೋಲಿಯಸ್ ಬಾರ್ಬೇಟಸ್. ತುಳಸಿ, ದೊಡ್ಡಪತ್ರೆಗಳ ಬಳಗದ್ದು, ನಮ್ಮ ನೆಲದ್ದೇ ಗಿಡ. ಗುರುತಿಸುವುದು ಹೀಗೆ:

ದಂಟು ಬೆರಳಲ್ಲಿ ಹೊರಳಿಸಿದರೆ ನಾಲ್ಕು ಮೂಲೆ ಸಿಗುತ್ತದೆ. ಬುಡ ಕಟ್ಟಿಗೆಯಂತೆ ಗಟ್ಟಿ, ಮೇಲೆಲ್ಲ ಎಳಸು.

ಎಲೆಗಳು ಎದುರುಬದುರು ಜೋಡಿ. ಮೆತ್ತನೆ ರೋಮ, ಅಂಚಿನಲ್ಲಿ ದುಂಡು ಹಲ್ಲು. ಉಜ್ಜಿದರೆ ಘಾಟು ವಾಸನೆ.

ಹೂವಿಗೆ ಎರಡು ತುಟಿ. ಮೇಲಿನದು ಚಿಕ್ಕದು, ಕೆಳಗಿನದು ಪುಟ್ಟ ದೋಣಿಯಂತೆ ಉದ್ದ.

ಮಾಕಳಿ ಬೇರೆಯೇ ತರ. ಅದು ಹಬ್ಬುವ ಬಳ್ಳಿ, ಮುರಿದರೆ ಹಾಲು, ನುಣುಪು ಎಲೆ.

ಹೆಸರು ತಪ್ಪಿದರೆ ಏನಾಗುತ್ತೆ ಅಂತೀರಾ? ಮಕಂದಿ ಬೇರಿನಲ್ಲಿ ಫೋರ್ಸ್ಕೋಲಿನ್ ಎಂಬ ಅಂಶವಿದೆ. ಅದು ರಕ್ತನಾಳಗಳನ್ನು ಹಿಗ್ಗಿಸಿ ರಕ್ತದೊತ್ತಡ ಇಳಿಸುತ್ತದೆ. ಔಷಧ ಕಂಪನಿಗಳಿಗಾಗಿ ನಮ್ಮ ರೈತರು ಇದನ್ನು ಹೊಲದಲ್ಲಿ ಬೆಳೆಯುವುದೂ ಅದಕ್ಕೇ. ನಮ್ಮಮ್ಮ ದಿನಾ ಬಿಪಿ ಮಾತ್ರೆ ನುಂಗುವವರು. ಅದರ ಮೇಲೆ ಈ ಬೇರಿನ ಉಪ್ಪಿನಕಾಯಿ! ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಇನ್ನೊಂದು ಮಾತು. ಇದು ಬಹುವಾರ್ಷಿಕ ಗಿಡ. ಬೇಸಿಗೆಯಲ್ಲಿ ಮೇಲಿನದೆಲ್ಲ ಒಣಗಿದರೂ ಮುಂದಿನ ಮಳೆಗೆ ಚಿಗುರುವುದು ಆ ಬೇರಿನಿಂದಲೇ. ಬೇರು ಕಿತ್ತರೆ ಬಂಡೆ ಬರಿದು. ಮಾಕಳಿ ಕಾಡಿನಲ್ಲಿ ಅಪರೂಪವಾಗಿರುವುದು ಹೀಗೇ ಕಿತ್ತೂ ಕಿತ್ತೂ.

ಹಾಗಾಗಿ ಗುರುತಿಸಲು ಬೇರು ಬೇಡ. ಪೂರ್ತಿ ಗಿಡ, ದಂಟು, ಎಲೆಜೋಡಿ, ಪಕ್ಕದಿಂದ ಹೂವು, ಹೀಗೆ ನಾಲ್ಕು ಫೋಟೊ ಸಾಕು. ಆ್ಯಪ್ ಹೇಳಿದ್ದನ್ನು ಊರಿನ ಹಿರಿಯರ ಹತ್ತಿರ ಒಮ್ಮೆ ಕೇಳಿ. ಬಾಯಿಗಿಡುವ ಮಾತಾದರೆ ಡಾಕ್ಟರನ್ನು ಕೇಳಿ.

ಅಮ್ಮನಿಗೆ ಬೇರಿನ ಬದಲು ಹೂವಿನ ಫೋಟೊ ಕಳಿಸಿದೆ. "ಚೆನ್ನಾಗಿದೆ, ಆದ್ರೆ ಮೊಸರನ್ನಕ್ಕೆ ಆಗಲ್ವಲ್ಲೇ!" ಅಂದರು.

ನಿಮ್ಮೂರ ಬಂಡೆಗಳಲ್ಲೂ ಈ ಹೂ ಇದೆಯಾ? ಅಲ್ಲಿ ಇದಕ್ಕೆ ಏನಂತಾರೆ?